ಬಾಲದೊಳಗಿನ ಮುಡಿಪು

ಆ ಶೆಡ್ಡು ಈಗಿಲ್ಲ, ವಿಮಾನ ಮಾರಿಬಿಟ್ಟರು. ಆದರೂ ಹಾಸನದಿಂದ ಅರಕಲಗೂಡಿಗೆ ಹೋಗುವಾಗ ಅದಿದ್ದ ಜಾಗ ಕಾಣಲಿ ಅಂತ ನಾನು ಬಸ್ಸಿನ ಎಡಗಡೆ ಕಿಟಕಿಯನ್ನೇ ಹಿಡಿಯುತ್ತೇನೆ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು, ಅದೂ ಎಂಜಿನಿಯರಿಂಗು. ಕೊಣನೂರಿನಿಂದ ಹಾಸನಕ್ಕೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಓದಿದ್ದು. ಹೇಳಿಕೊಳ್ಳೋಕೆ ನನಗೇನೂ ಸಂಕೋಚವಿಲ್ಲ. ಮೊದಲ ಕೆಲಸ, ಸಾಹುಕಾರರೊಬ್ಬರು ಸ್ವಂತ ಜಮೀನಿನಲ್ಲಿ ಇಟ್ಟುಕೊಂಡಿದ್ದ ಎರಡು ಸೀಟಿನ ವಿಮಾನ ನೋಡಿಕೊಳ್ಳೋದು. ಹಾರಿಸುತ್ತಿದ್ದವರು ರಿಟೈರಾದ ಕ್ಯಾಪ್ಟನ್. ಹಾರುವ ಮುಂಚೆ ಪರೀಕ್ಷೆ ಮಾಡಿ ಲಾಗ್ ಪುಸ್ತಕಕ್ಕೆ ಸಹಿ ಹಾಕಬೇಕಾದವಳು ನಾನು. ಆರು ತಿಂಗಳು ನೋಡಿ ಖಾಯಂ ಮಾಡ್ತೀವಿ ಅಂದಿದ್ದರು.

ಆಯುಧ ಪೂಜೆಗೆ ಅವ್ವನನ್ನು ಶೆಡ್ಡಿಗೆ ಕರೆದುಕೊಂಡು ಹೋದೆ. ಚಪ್ಪಲಿ ಹೊರಗೇ ಬಿಟ್ಟು ಬಂದವಳು ರೆಕ್ಕೆ ಸವರಿ, "ಇದೇನಮ್ಮಿ ಇಷ್ಟು ತೆಳ್ಳಗದೆ? ನಮ್ಮ ಕೊಟ್ಗೆ ಶೀಟೇ ಗಟ್ಟಿ ಕಣ" ಅಂದಳು.

"ನಿಮ್ಮ ಮಗಳು ನೋಡ್ಕೊಳ್ತಾಳಲ್ಲ ತಾಯಿ," ಕ್ಯಾಪ್ಟನ್ ನಕ್ಕರು.

"ಅವ್ಳು ಒಲೆ ಮೇಲೆ ಆಲಿಟ್ಟೇ ಮರೀತಾಳೆ ಸಾ."

ಮಾರನೇ ದಿನ ಹೂವು, ಕುಂಕುಮ ತೆಗೆದು ಒರೆಸಿ ಸಹಿ ಹಾಕಿದೆ. ಹೊಳೆನರಸೀಪುರದ ಕಡೆ ಹೋದ ವಿಮಾನ ಕಾಲು ಗಂಟೆಗೇ ವಾಪಸ್ಸು ಬಂತು. ಕ್ಯಾಪ್ಟನ್ ಮುಖ ಬಿಳುಚಿಕೊಂಡಿತ್ತು. ವೇಗ ಏರಿಸಿದ ಕೂಡಲೇ ಕೈಯಲ್ಲಿದ್ದ, ವಿಮಾನ ನಡೆಸುವ ಕೋಲು ನಡುಗಿ, ಬಾಲ ಗಾಳಿಗೆ ಸಿಕ್ಕ ಬಾಳೆಲೆ ಹಂಗೆ ಬಡಕೊಂಡಿತಂತೆ. ವೇಗ ಇಳಿಸಿದ್ದಕ್ಕೆ ನಿಂತಿತು. ಇದನ್ನು ಫ್ಲಟರ್ ಅನ್ನುತ್ತೇವೆ. ಬಾಲದಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಯ ಹಿಂಬದಿಗೆ ಚೂರು ತೂಕ ಹೆಚ್ಚಾದರೂ ಸಾಕು. ಇನ್ನೊಂದಿಷ್ಟು ಹೊತ್ತಾಗಿದ್ದರೆ ಬಾಲವೇ ಕಿತ್ತುಹೋಗುತ್ತಿತ್ತು.

ಪಟ್ಟಿ ಬಿಚ್ಚಿ ಅಲ್ಲಾಡಿಸಿದೆ. ಒಳಗೆ ಏನೋ ಸದ್ದು. ಸಂದಿಯಲ್ಲಿ ತಂತಿ ತೂರಿಸಿ ಎಳೆದರೆ ಅರಿಶಿನದ ಬಟ್ಟೆಯ ಗಂಟು, ಒಳಗೆ ನಾಣ್ಯ. ನನ್ನ ಕೆಲಸ ಖಾಯಂ ಆಗಲಿ ಅಂತ ಅವ್ವ ಹರಸಿಕೊಂಡು ಕಟ್ಟಿದ್ದ ಮುಡಿಪು. ಮನೆಯಲ್ಲಿ ಕಟ್ಟುವಾಗ ನೋಡಿದ್ದೆ, ದೇವರ ಮುಂದೆ ಇಡುತ್ತಾಳೆ ಅಂದುಕೊಂಡಿದ್ದೆ. ಪೂಜೆಯ ಗಲಾಟೆಯಲ್ಲಿ ಯಾವಾಗಲೋ ಈ ಸಂದಿಗೆ ತೂರಿಸಿದ್ದಳು.

ಶೆಡ್ಡಿನಲ್ಲಿ ನಾನೊಬ್ಬಳೇ. ಗಂಟು ಜೇಬಿಗೆ ಹಾಕಿಕೊಂಡು, ಹಬ್ಬಕ್ಕೆ ಹೊಡೆಸಿದ ಹೊಸ ಬಣ್ಣದ ತೂಕ ಅಂತ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಪೆನ್ನೂ ತೆಗೆದೆ. ಆದರೆ ಆ ಪುಸ್ತಕ ನಂಬಿ ತಾನೇ ಆ ಮನುಷ್ಯ ಮೇಲೆ ಹೋಗೋದು. "ನನ್ನ ತಾಯಿ ಭಕ್ತಿಯಿಂದ ಇಟ್ಟದ್ದು. ನಾನು ಒಳಗೆ ಪರೀಕ್ಷಿಸಲಿಲ್ಲ" ಅಂತ ಬರೆದು, ಗಂಟಿನ ಸಮೇತ ಕ್ಯಾಪ್ಟನ್ ಮುಂದಿಟ್ಟೆ.

"ನಿಮ್ಮಮ್ಮನ್ನ ಯಾಕೆ ಎಳೆದೆ? ಎರಡನೇ ಸಾಲು ಸಾಕಿತ್ತು," ಅಂದರು. ಖಾಯಂ ಮಾತು ಇನ್ನಾರು ತಿಂಗಳು ಮುಂದಕ್ಕೆ ಹೋಯಿತು. "ಜೋಡಿಸು. ನಾಳೆ ನೀನೂ ಪಕ್ಕದಲ್ಲಿ ಕೂತ್ಕೊಂಡು ಬಾ."

ಮನೆಯಲ್ಲಿ ಹೇಳಿದರೆ ಅವ್ವ ಮುದ್ದೆ ಬಡಿಸುತ್ತಲೇ, "ಇಂದ್ಗಡೆ ಬ್ಯಾಡ ಅಂದಿದ್ರೆ ಮುಂದ್ಗಡೆ ಮಡಗ್ತಿದ್ದೆ ಕಣಮ್ಮಿ" ಅಂದಳು. ನಾಳೆ ಅದರಲ್ಲಿ ನಾನೂ ಹಾರಬೇಕು ಅಂದ ಮೇಲೆ ಮಾತ್ರ ಅವಳ ಕೈ ನಿಂತಿತು.

ಹೇಮಾವತಿ ದಾಟಿ ಚನ್ನರಾಯಪಟ್ಟಣದ ಕಡೆ ತಿರುಗಿದಾಗ ಕ್ಯಾಪ್ಟನ್ ಅದೇ ವೇಗಕ್ಕೆ ಏರಿಸಿದರು. ಕೋಲಿನಿಂದ ಕೈ ತೆಗೆದು ನನಗೆ ಹಿಡಿ ಅಂದರು. ಹಿಡಿದೆ. ಎಂಜಿನ್ ಬಿಟ್ಟರೆ ಬೇರೇನೂ ಅದುರುತ್ತಿರಲಿಲ್ಲ.