ಮೂರನೆಯ ಖಾನೆ

ಐದಾರು ವರ್ಷದ ಹಿಂದಿನ ಮಾತು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ದೇಶದ ತೆರಿಗೆ ಇಲಾಖೆಯ ಮುಖ್ಯಸ್ಥನಾಗಿ ದೆಹಲಿಯಲ್ಲಿದ್ದೆ. ಚಿತ್ರದುರ್ಗ ಜಿಲ್ಲೆಯ ಜವನಗೊಂಡನಹಳ್ಳಿ ಕಡೆಯ ಕುರಿ ಕಾಯುವವರ ಮಗ ಅಲ್ಲಿಗೇರಿದ್ದು ಸಣ್ಣ ಮಾತಲ್ಲ; ಆ ಬಿಂಕ ನನಗೆ ಧಾರಾಳವಾಗಿಯೇ ಇತ್ತು.

ಬೋಗಸ್ ವ್ಯಾಪಾರಿಗಳನ್ನು ಹಿಡಿಯಲು ನಾನೊಂದು ಆ್ಯಪ್ ಜಾರಿಗೆ ತಂದಿದ್ದೆ. ಇನ್‌ಸ್ಪೆಕ್ಟರ್ ನೋಂದಣಿಯಾದ ವಿಳಾಸಕ್ಕೆ ಹೋಗಿ ನೋಡಿ 'ಇದೆ' ಅಥವಾ 'ಇಲ್ಲ' ಎಂಬ ಖಾನೆ ಒತ್ತಬೇಕು. 'ಇಲ್ಲ' ಎಂದರೆ ತೆರಿಗೆ ನೋಂದಣಿ ರದ್ದು.

ತಪಾಸಣೆಗೆಂದು ಚಿತ್ರದುರ್ಗದ ಕಚೇರಿಗೆ ಬಂದ ದಿನ ಹಿರಿಯೂರು ತಾಲ್ಲೂಕಿನ ಗಂಗಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಹದಿನೆಂಟು ಹೆಂಗಸರು ಕಟ್ಟಿಕೊಂಡ ಕಂಬಳಿ ಸಂಘದ ಅಧ್ಯಕ್ಷೆ. ಹಾಸ್ಟೆಲ್‌ಗಳಿಗೆ ಇನ್ನೂರು ಕಂಬಳಿ ಕೊಡುವ ಆರ್ಡರ್ ಅವರಿಗೆ ಸಿಕ್ಕಿತ್ತು. ನೋಂದಣಿ ರದ್ದಾದ್ದರಿಂದ ವಾರದೊಳಗೆ ಅದು ಕೈತಪ್ಪಿಹೋಗುವುದರಲ್ಲಿತ್ತು.

"ಕುರಿ ಮೇಸಾಕೆ ಹೋಗಿದ್ವಿ, ಬಾಗ್ಲಿಗೆ ಬೀಗ ಹಾಕಿದ್ವಿ. ಅಷ್ಟಕ್ಕೇ ನಾವೇ ಇಲ್ಲ ಅಂತ ಬರ್ಕಂಡ್ರೆ ಹೆಂಗ್ರಿ ಸಾಹೇಬ್ರೆ? ಮಗ್ಗ ಒಳಗೇ ಐತೆ, ಬಂದು ನೋಡ್ರಿ" ಎಂದರು.

ಇನ್‌ಸ್ಪೆಕ್ಟರ್ ತಿಪ್ಪೇಸ್ವಾಮಿಯನ್ನು ಕರೆಸಿ ಗದರಿದೆ. ಆತ ತಲೆ ತಗ್ಗಿಸಲಿಲ್ಲ. "ಸರ್, ಕುರಿ ಹಿಂದೆ ಹೋಗ್ಯಾರೆ ಅಂತ ಊರೋರು ಹೇಳಿದ್ರು. ಅದನ್ನ ಬರೆಯಾಕೆ ಆ್ಯಪ್‌ನಾಗೆ ಜಾಗನೇ ಇಲ್ಲ. ಇರೋದು ಎರಡೇ ಖಾನೆ."

ಕಪಾಳಕ್ಕೆ ಹೊಡೆದಂತಾಯಿತು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಮನೆಯವರೆಲ್ಲ ಹೀಗೆಯೇ ಕುರಿ ಹಿಂದೆ ಹೋಗಿದ್ದೆವು. ಮರಳಿ ಬಂದಾಗ ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಹೊಡೆದುಹಾಕಿದ್ದರು. ಅವ್ವ ಶಾಲೆಗೇ ಬಂದು, "ನನ್ ಮಗ ಸತ್ತಿಲ್ಲ, ಹೆಸ್ರು ಬರ್ಕಳ್ರಿ" ಎಂದು ಜಗಳವಾಡಿ ಸೇರಿಸಿದ್ದಳು. ಅದನ್ನೆಲ್ಲ ಮರೆತು, ಆ ಮೇಷ್ಟ್ರ ಕೆಲಸವನ್ನೇ ನಾನು ದೇಶಕ್ಕೆಲ್ಲ ಮಾಡಿ ಕೂತಿದ್ದೆ. ನಾಚಿಕೆಯಾಯಿತು.

ಅಂದೇ ಗಂಗಮ್ಮನ ಮನೆಗೆ ಹೋದೆ. ಗೋಡೆ ಬದಿಗೆ ನೇಯ್ದು ಒಟ್ಟಿದ ಕಂಬಳಿಗಳು, ಮಗ್ಗದಲ್ಲಿ ಅರ್ಧ ನೇಯ್ದದ್ದೊಂದು, ಮನೆ ತುಂಬ ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆ. ಮರುದಿನವೇ ನೋಂದಣಿ ಮರಳಿ ಕೊಡಿಸಿದೆ. ದೆಹಲಿಗೆ ಹೋದವನೇ ಕಡತದಲ್ಲಿ, 'ತಪ್ಪು ಇನ್‌ಸ್ಪೆಕ್ಟರರದಲ್ಲ, ನನ್ನದು' ಎಂದು ಬರೆದೆ. ಸಾಫ್ಟ್‌ವೇರ್ ದೋಷ ಅಂದುಬಿಡೋಣ ಸರ್ ಎಂದು ಕೈಕೆಳಗಿನವರು ಗೋಗರೆದರು. ಒಪ್ಪಲಿಲ್ಲ. ಆ್ಯಪ್‌ಗೆ ಮೂರನೆಯ ಖಾನೆ ಬಂತು: 'ಬೀಗ ಹಾಕಿದೆ, ವಿಚಾರಿಸಿ ಮತ್ತೆ ಬರುವುದು.'

ವಾರದ ಕೊನೆಗೆ ಗಂಗಮ್ಮನ ಫೋನು. "ಕಂಬಳಿ ಲಾರಿ ಹತ್ತಿದ್ವು ಸಾಹೇಬ್ರೆ. ನಾಳೆ ಮತ್ತೆ ಕುರಿ ಹಿಂದೆ ಹೊಂಟೀವಿ. ಬೀಗ ಹಾಕ್ಕಂಡು ಹೋಗಬೋದಾ?"

"ಧೈರ್ಯವಾಗಿ ಹೋಗಿ ಬರ್ರಿ ತಾಯಿ" ಎಂದೆ.

ಯಾರನ್ನೇ ಆಗಲಿ 'ಇಲ್ಲ' ಎನ್ನುವ ಮೊದಲು ಅವರ ಬಾಗಿಲಿಗೆ ಎರಡನೆಯ ಸಲ ಹೋಗಬೇಕು ಎಂದು ಆ ಕೆಲಸ ನನಗೆ ಕಲಿಸಿತು. ಎಷ್ಟೋ ದೊಡ್ಡ ಆದೇಶಗಳಿಗೆ ಸಹಿ ಹಾಕಿದ್ದೇನೆ. ಅವ್ವ ಇದ್ದಿದ್ದರೆ ತೋರಿಸಬಹುದಿತ್ತು ಅನ್ನಿಸಿದ್ದು ಮೂರನೆಯ ಖಾನೆಯ ಆದೇಶವೊಂದನ್ನೇ.