ಯಾರೂ ಮುಟ್ಟದೆ ಬಿದ್ದವನು

ಕಳೆದ ವರ್ಷ ಫೆಬ್ರವರಿಯ ಒಂದು ಭಾನುವಾರ, ಸಂಜೆ ನಾಲ್ಕು ಇಪ್ಪತ್ತಕ್ಕೆ ತಿಪ್ಪೇಶ ಬಿದ್ದ. ಪಂದ್ಯದ ರೆಫರಿಯಾಗಿದ್ದ ನಾನು ಆಗತಾನೇ ಗಡಿಯಾರ ನೋಡಿದ್ದೆ, ಆದ್ದರಿಂದ ಹೊತ್ತು ನೆನಪಿದೆ. ಬಿದ್ದದ್ದನ್ನು ಮಾತ್ರ ನಾನು ನೋಡಲಿಲ್ಲ. ಚೆಂಡು ಆಚೆ ತುದಿಯ ಗೋಲಿನ ಬಳಿ ಇತ್ತು. ಮೈದಾನದಲ್ಲಿದ್ದ ಎಲ್ಲರ ಕಣ್ಣೂ ಅಲ್ಲೇ ಇತ್ತು.

ನಾನು ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ. ನಮ್ಮ ಕಡೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ಟಿಗೆ ಜನ ಸಿಗುತ್ತಾರೆ. ಫುಟ್‌ಬಾಲ್ ತಂಡ ಕಟ್ಟಲು ಮನೆಮನೆಗೆ ಹೋಗಿ ಕರೆತರಬೇಕು. ಅಂಥ ಊರಿಗೆ ಶಿಬಿರ ನಡೆಸಿಕೊಡಲು ಪರಾಗ್ವೆ ದೇಶದ ರಮೀರೊ ಬಂದಿದ್ದರು. ದಕ್ಷಿಣ ಅಮೆರಿಕದ ಕ್ಲಬ್‌ಗಳಲ್ಲಿ ಹದಿನಾರು ವರ್ಷ ಮಿಡ್‌ಫೀಲ್ಡರ್ ಆಗಿ, ಅಂದರೆ ರಕ್ಷಣೆಗೂ ದಾಳಿಗೂ ನಡುವೆ ನಿಂತು ಚೆಂಡು ದಾಟಿಸುವವರಾಗಿ ಆಡಿದವರು. ಕೊನೆಗೆ ಗೋವಾದ ಒಂದು ತಂಡಕ್ಕೆ ಬಂದು, ಮೊಣಕಾಲು ಕೈಕೊಟ್ಟ ಮೇಲೆ ಇಲ್ಲೇ ಉಳಿದು ಊರೂರು ತಿರುಗಿ ಕಲಿಸುತ್ತಿದ್ದರು. ಅಷ್ಟು ದೂರದ ಮನುಷ್ಯ ನಮ್ಮ ಕಡಲೆಕಾಯಿ ಸೀಮೆಗೆ ಬಂದದ್ದೇ ನನಗೆ ಸೋಜಿಗ.

ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುವ ತಿಪ್ಪೇಶ ನಮ್ಮ ತಂಡದ ಮುಂಚೂಣಿ ಆಟಗಾರ. ಶಿಬಿರದ ಮೊದಲ ದಿನವೇ ರಮೀರೊ ಅವರನ್ನು ಕೇಳಿದ್ದ, "ಎಷ್ಟು ಗೋಲು ಹೊಡ್ದೀರಿ ಸಾರ್?"

ನಾನು ಇಂಗ್ಲಿಷಿಗೆ ತಿರುಗಿಸಿದೆ. ಹನ್ನೊಂದು ಎಂದರು.

"ಹದ್ನಾರು ವರ್ಷಕ್ಕಾ? ಹೋದ್ ತಿಂಗ್ಳು ನಾನೊಬ್ನೇ ಹದ್ಮೂರು ಹೊಡ್ದೀನಿ!"

"ಹಾಗಾದರೆ ನೀನೇ ನನಗೆ ಕಲಿಸು" ಎಂದು ರಮೀರೊ ನಕ್ಕಿದ್ದರು.

ಶಿಬಿರದ ಕೊನೆಗೆ ಮೊಳಕಾಲ್ಮೂರು ತಂಡದ ಜೊತೆ ಅವರ ಮೈದಾನದಲ್ಲೇ ಪಂದ್ಯ. ದ್ವಿತೀಯಾರ್ಧ ಆರಂಭವಾಗಿ ಸ್ವಲ್ಪ ಹೊತ್ತಿಗೆ ಗೆರೆಯಾಚೆ ನಿಂತಿದ್ದ ರಮೀರೊ ಕುಂಟುಕಾಲಿನಲ್ಲೇ ಮೈದಾನದೊಳಕ್ಕೆ ಓಡಿದರು. ಕೋಚ್ ಹಾಗೆ ಒಳಗೆ ಬರುವಂತಿಲ್ಲ. ಸಿಟ್ಟಿನಿಂದ ಸೀಟಿ ಊದಿದೆ. ಅವರು ತಿರುಗಿಯೂ ನೋಡಲಿಲ್ಲ. ಆಗಷ್ಟೇ ಮಧ್ಯದ ಗೆರೆಯ ಹತ್ತಿರ ಮಲಗಿದ್ದ ತಿಪ್ಪೇಶ ನನ್ನ ಕಣ್ಣಿಗೆ ಬಿದ್ದ.

ಕಣ್ಣು ತೆರೆದೇ ಇತ್ತು. ಕೈಗಳು ಅದುರುತ್ತಿದ್ದವು. ಗಂಟಲಿನಿಂದ ಗೊರಕೆಯಂಥ ಸದ್ದು. ಜನ ಮುತ್ತಿಕೊಂಡರು.

"ಏಮೈಂದಿ ರಾ? ಏನಾತು?"

"ಪಿಟ್ಸ್ ಬಂದೈತೆ! ಕೈಗೆ ಕಬ್ಬಿಣ ಕೊಡ್ರಲೇ!"

ಅವನ ಅಣ್ಣ ಪಾಲಯ್ಯ ಬೈಕಿನ ಕೀಲಿಗೊಂಚಲನ್ನು ತಮ್ಮನ ಅಂಗೈಗೆ ಒತ್ತಿದ. ಪಾಲಯ್ಯ ಮಾರುಕಟ್ಟೆಯಲ್ಲಿ ಮೂಟೆ ಹೊರುವವನು, ಕಂಬದಂಥ ತೋಳು. ಇನ್ನೊಬ್ಬ ಬಾಯಿಗೆ ನೀರು ಸುರಿಯಲು ಬಂದ. ರಮೀರೊ ಬಾಟಲಿ ಕಿತ್ತೆಸೆದು, ತಿಪ್ಪೇಶನ ಮೂಗಿನ ಬಳಿ ಕಿವಿಯಿಟ್ಟು, ಮರುಕ್ಷಣ ಎರಡೂ ಕೈಯಿಂದ ಅವನ ಎದೆಯನ್ನು ಒತ್ತತೊಡಗಿದರು.

"ಎದೆ ಮುರೀತಾನಲ್ಲಲೇ! ನನ್ ತಮ್ಮನ್ನ ಸಾಯಿಸ್ತಾನೆ!" ಪಾಲಯ್ಯ ಅವರ ಕತ್ತುಪಟ್ಟಿಗೆ ಕೈಹಾಕಿ ಜಗ್ಗಿದ.

ರಮೀರೊ ಒತ್ತುತ್ತಲೇ ನನಗೆ ಇಂಗ್ಲಿಷಿನಲ್ಲಿ ಹೇಳಿದರು, "ಹೃದಯ ನಿಂತಿದೆ. ನಾನು ನಿಲ್ಲಿಸಿದರೆ ಇವನು ಸಾಯುತ್ತಾನೆ. ಆಂಬುಲೆನ್ಸ್ ಕರೆಸಿ."

ಕರೆ ಮಾಡಲು ಒಬ್ಬನಿಗೆ ಕೂಗಿ ಹೇಳಿ, ನಾನು ಇಬ್ಬರ ನಡುವೆ ನುಗ್ಗಿದೆ. "ಪಾಲಯ್ಯ, ಇದು ಪಿಟ್ಸ್ ಅಲ್ಲ. ಎದೆಬಡಿತ ನಿಂತೈತೆ. ಅವರನ್ನ ಬಿಡು."

"ನಿಮ್ಗೆ ಗೊತ್ತಾ ಮೇಡಂ? ಖರೆ ಗೊತ್ತಾ?"

ನನಗೆ ಗೊತ್ತಿರಲಿಲ್ಲ. ನಾನು ನೋಡಿದ್ದು ರಮೀರೊ ಓಡಿದ ರೀತಿಯನ್ನು ಮಾತ್ರ.

"ಗೊತ್ತು" ಎಂದೆ.

ಅವನು ಕೈ ಬಿಟ್ಟ.

ಸ್ವಲ್ಪ ಹೊತ್ತಿಗೆ ರಮೀರೊ ಸೋಲತೊಡಗಿದರು. ಬೆವರಿನಲ್ಲಿ ಅಂಗೈ ಜಾರುತ್ತಿತ್ತು. ಅವರು ಸುತ್ತ ಒಮ್ಮೆ ನೋಡಿ, ತಮ್ಮ ಕತ್ತುಪಟ್ಟಿ ಹಿಡಿದಿದ್ದವನ ಕೈಯನ್ನೇ ಎಳೆದು ತಿಪ್ಪೇಶನ ಎದೆಯ ಮೇಲಿಟ್ಟರು. ಪಾಲಯ್ಯ ಒತ್ತಿದ. ಮೂಟೆ ಎತ್ತುವ ತೋಳು. ನಾಲ್ಕೈದು ಸಲ ಒತ್ತುವಷ್ಟರಲ್ಲಿ ಲಟಕ್ ಎಂದಿತು. ಪಕ್ಕೆಲುಬು.

ಪಾಲಯ್ಯ ಕೈ ಮೇಲೆತ್ತಿ ನನ್ನ ಮುಖ ನೋಡಿದ. ಆ ಮುಖವೇ ಆಮೇಲೆ ನನ್ನ ನಿದ್ದೆಯನ್ನು ತಿಂದದ್ದು.

"ನಿಲ್ಲಿಸಬೇಡ" ಎಂದೆ. "ಮುರಿದರೆ ಮುರೀಲಿ."

"ಏಳ್ಲೇ ತಿಪ್ಪ, ಅವ್ವಗೆ ನಾನೇನ್ ಹೇಳ್ಲಿ, ಏಳ್ಲೇ" ಎಂದು ಅಳುತ್ತಲೇ ಅವನು ಮತ್ತೆ ಒತ್ತಿದ. ಆಂಬುಲೆನ್ಸ್ ಬರುವವರೆಗೂ ಅವರಿಬ್ಬರೂ ಸರದಿಯಲ್ಲಿ ಒತ್ತಿದರು. ಬಂದವರು ಎದೆಗೆ ಡಿಫಿಬ್ರಿಲೇಟರ್ ಹಚ್ಚಿ, ಲಯ ತಪ್ಪಿದ ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟರು. ಎರಡನೆಯ ಆಘಾತಕ್ಕೆ ನಾಡಿ ಸಿಕ್ಕಿತು. ರಾಂಪುರ ದಾಟಿ ಬಳ್ಳಾರಿಗೆ ಒಯ್ದರು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಎದುರಿನ ಚಹಾದಂಗಡಿಯಲ್ಲಿ ರಮೀರೊ ಅವರನ್ನು ಕೇಳಿದೆ, "ನಾವ್ಯಾರೂ ನೋಡದ್ದನ್ನು ನೀವು ಹೇಗೆ ನೋಡಿದಿರಿ?"

"ಗೋಲು ಹೊಡೆಯುವವರು ಚೆಂಡು ನೋಡುತ್ತಾರೆ. ಚೆಂಡು ಇಲ್ಲದವರು ಎಲ್ಲಿದ್ದಾರೆ ಎಂದು ನೋಡುವುದೇ ನನ್ನ ಕೆಲಸವಾಗಿತ್ತು. ಅವನು ಸುಮ್ಮನೆ ನಡೆಯುತ್ತಿದ್ದ. ಪಕ್ಕದಲ್ಲಿ ಯಾರೂ ಇರಲಿಲ್ಲ. ಬಿದ್ದ." ಯಾರೂ ಮುಟ್ಟದೆ ಆಟಗಾರ ಬಿದ್ದರೆ ಮೊದಲು ಹೃದಯ ಎಂದುಕೊಂಡು ಓಡಬೇಕೆಂದು ಒಂದು ಕ್ಲಬ್ಬಿನಲ್ಲಿ ಪ್ರತಿ ವರ್ಷ ಪಾಠ ಮಾಡುತ್ತಿದ್ದರಂತೆ. ಇವರು ಹಿಂದಿನ ಸಾಲಿನಲ್ಲಿ ಆಕಳಿಸುತ್ತಾ ಕೂರುತ್ತಿದ್ದರಂತೆ. "ಅಲ್ಲೆಲ್ಲೂ ಅದು ಬೇಕಾಗಲಿಲ್ಲ. ಇಲ್ಲಿ ಬೇಕಾಯಿತು." ಲೋಟ ಕೆಳಗಿಟ್ಟು ಅವರು ಕೇಳಿದರು, "ಅವನ ಅಣ್ಣನಿಗೆ ನೀವು ಅಷ್ಟು ಧೈರ್ಯವಾಗಿ ಹೇಗೆ ಹೇಳಿದಿರಿ?"

"ಗೊತ್ತಿಲ್ಲದೆಯೇ ಹೇಳಿದೆ."

ಅವರು ನನಗೆ ಇನ್ನೊಂದು ಚಹಾ ಹೇಳಿದರು.

ಹುಟ್ಟಿನಿಂದಲೇ ತಿಪ್ಪೇಶನ ಹೃದಯದ ಗೋಡೆ ದಪ್ಪವಾಗಿತ್ತು ಎಂದರು ವೈದ್ಯರು. ಲಯ ತಪ್ಪಿದರೆ ತಾನೇ ಸರಿಪಡಿಸುವ ಪುಟ್ಟ ಯಂತ್ರವನ್ನು ಚರ್ಮದಡಿ ಕೂರಿಸಿದರು. ಅವನು ಚೇತರಿಸಿಕೊಂಡರೂ ನಾನು ಚೇತರಿಸಿಕೊಳ್ಳಲಿಲ್ಲ. ಕಣ್ಣು ಮುಚ್ಚಿದರೆ ಆ ಲಟಕ್, ಪಾಲಯ್ಯನ ಆ ಮುಖ. ರಮೀರೊ ಹೇಳಿದ್ದು ತಪ್ಪಾಗಿದ್ದರೆ? ನನ್ನ ಮಾತು ನಂಬಿ ಅಣ್ಣನೇ ತಮ್ಮನನ್ನು ಕೊಂದಂತಾಗಿದ್ದರೆ?

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಣ್ಣತಮ್ಮ ಇಬ್ಬರೂ ಕಾಲೇಜಿಗೆ ಬಂದರು. ತಿಪ್ಪೇಶ ಸೀನಿದ, ಎದೆ ಹಿಡಿದುಕೊಂಡ. "ಆ ಫಾರಿನ್ ಸಾರ್ ಹೆಂಗ್ ಮುರ್ದಾರೆ ನೋಡ್ರಿ ಮೇಡಂ. ಇನ್ನೂ ಸೀನಂಗಿಲ್ಲ, ನಗಂಗಿಲ್ಲ."

ಪಾಲಯ್ಯ ಅವನ ತಲೆಗೊಂದು ಮೊಟಕಿದ. "ಅವ್ರನ್ಯಾಕೆ ಬೈತೀಯಲೇ? ಅವ್ರ ಕೈಲಿ ಎಲ್ಲಾಗ್ತೈತೆ? ಮುರ್ದೋನು ನಾನು!"

ಅವನ ದನಿಯಲ್ಲಿ ಜಂಬವಿತ್ತು. ತಿಪ್ಪೇಶ ಎದೆ ಹಿಡಿದುಕೊಂಡೇ ನಕ್ಕ. ನಾನೂ ನಕ್ಕೆ, ಕಣ್ಣು ಒದ್ದೆಯಾಗುವಷ್ಟು.

ಈಗ ಪ್ರತಿ ಪಂದ್ಯಕ್ಕೂ ಮುಂಚೆ ಆಟಗಾರರಿಗೂ ನೋಡಲು ಬಂದವರಿಗೂ ಎದೆ ಒತ್ತುವುದನ್ನು ಕಲಿಸುತ್ತೇನೆ. ಒತ್ತಲು ಒಬ್ಬರು ಸಾಲದು, ಒತ್ತುವವರನ್ನು ಯಾರೂ ಎಳೆಯದಂತೆ ಅಡ್ಡ ನಿಲ್ಲಲು ಇನ್ನೊಬ್ಬರು ಬೇಕು ಎಂಬುದನ್ನೂ ಹೇಳುತ್ತೇನೆ. ಇದನ್ನು ನನಗೆ ಯಾವ ತರಬೇತಿಯೂ ಕಲಿಸಿರಲಿಲ್ಲ.

ಅವರಿಬ್ಬರೂ ಬಂದುಹೋದ ದಿನ ನಾನು ಬೇಗ ಮಲಗಿದೆ. ಎಚ್ಚರವಾದಾಗ ಕಿಟಕಿಯಿಂದ ಬಿಸಿಲು ಕಾಲಿನವರೆಗೂ ಬಂದಿತ್ತು.