ಹಾರ ಹಾಕಿಸಿಕೊಂಡ ಅಭ್ಯರ್ಥಿ

ಭಯ ಎನ್ನುವುದು ನನ್ನ ಹೆಸರು ಕೇಳಿದರೇ ಊರು ಬಿಡುತ್ತದೆ. ಆದರೂ ಗಚ್ಚಿಬೌಲಿಯ ಶಾಲೆಯೊಂದರಲ್ಲಿ ಶಿಕ್ಷಕರನ್ನು ಆರಿಸಲು ಕೂತ ಆ ಮಧ್ಯಾಹ್ನ ನನ್ನ ಬೆವರು ತಣ್ಣಗಾಯಿತು.

ಗಣಿತದ ಹುದ್ದೆಗೆ ಬಂದವಳು ನಮ್ಮ ಯಾದಗಿರಿಯ ಶರಣಮ್ಮ, ಎಣ್ಣೆಗಪ್ಪು ಬಣ್ಣದವಳು. ಅಲ್ಲಿ ಮೊದಲ ಸುತ್ತಿನ ಪಾಠ ನೋಡಿ ಅಂಕ ಹಾಕುವುದು ಕ್ಯಾಮೆರಾ ಇಟ್ಟ ಯಂತ್ರ. ಅವಳು ಅದರೆದುರು ನಿಂತಳು.

"ಕೋಣೆಯಲ್ಲಿ ಯಾರೂ ಇಲ್ಲ," ಎಂದಿತು ಯಂತ್ರ.

"ಇಲ್ಲೇ ಅದೀನಲ್ರೀ!"

"ಸ್ವಾಗತ ಸರ್. ಪಾಠ ಆರಂಭಿಸಿ."

ಯಾವ ಸರ್? ತಿರುಗಿ ನೋಡಿದರೆ, ಅವಳ ಹಿಂದಿನ ಗೋಡೆಯ ಫೋಟೊದಲ್ಲಿ ತೀರಿಹೋದ ಸಂಸ್ಥಾಪಕರು ಹಾರ ಹಾಕಿಸಿಕೊಂಡು ಬೆಳ್ಳಗೆ ನಗುತ್ತಿದ್ದರು. ಯಂತ್ರದ ಕಣ್ಣಿಗೆ ಬಿದ್ದದ್ದು ಆ ಬಿಳಿ ಮುಖ ಮಾತ್ರ. ಶರಣಮ್ಮ ಧೈರ್ಯಮಾಡಿ ಭಿನ್ನರಾಶಿ ಕಲಿಸಿದಳು.

"ಸೊಗಸಾಗಿತ್ತು ಸರ್. ನೀವು ಆಯ್ಕೆಯಾಗಿದ್ದೀರಿ."

"ಸಾಹೇಬ್ರ, ನನ್ನ ನೌಕರಿ ಸತ್ತವರಿಗೆ ಹೋತೇನ್ರೀ?" ಎಂದು ಅವಳು ನನ್ನತ್ತ ತಿರುಗಿದಳು.

ವೀರನಾದ ನಾನು ಎದ್ದು ಫೋಟೊವನ್ನು ಗೋಡೆಗೆ ಮುಖಮಾಡಿ ತಿರುಗಿಸಿದೆ. ಕಣ್ಣು ಮುಚ್ಚಿಕೊಂಡಿದ್ದು ಹಾರದ ಧೂಳಿಗೆ.

"ಸರ್, ಎಲ್ಲಿ ಹೋದಿರಿ?" ಎಂದು ಯಂತ್ರ ಮೆಲ್ಲಗೆ ಕೇಳಿತು.

ಅದರ ವೈರು ಕಿತ್ತು, ಅವಳಿಂದ ಮಕ್ಕಳೆದುರೇ ಪಾಠ ಮಾಡಿಸಿದೆವು. ಕೆಲಸ ಅವಳಿಗೇ ಸಿಕ್ಕಿತು.

ಫೋಟೊ ಈಗಲೂ ಗೋಡೆಗೇ ಮುಖಮಾಡಿದೆ. ಆದರೂ ಮತ್ತೆ ವೈರು ಜೋಡಿಸಿದ ಆ ಯಂತ್ರ ದಿನಾ ಬೆಳಿಗ್ಗೆ ಆ ಸರ್‌ಗೆ ಹಾಜರಿ ಹಾಕುತ್ತದಂತೆ. ಇವತ್ತಿನವರೆಗೆ ಒಂದು ರಜೆಯನ್ನೂ ತೆಗೆದುಕೊಂಡಿಲ್ಲವಂತೆ, ಪುಣ್ಯಾತ್ಮರು.